ವೀಕ್ಷಣಾಲಯದಿಂದ ಮನೆಗೆ: ಮೊದಲ ಆರು ತಿಂಗಳ ಕೆಲಸ

ವೀಕ್ಷಣಾಲಯದಿಂದಲೋ (ಪ್ರಕರಣ ನಡೆಯುವಾಗ ಹದಿನೆಂಟರೊಳಗಿನ ಆರೋಪಿಗಳನ್ನು ಇರಿಸುವ ಜಾಗ) ವಿಶೇಷ ಗೃಹದಿಂದಲೋ (ಅಂತಿಮ ಆದೇಶದ ಮೇಲೆ ಇರಿಸುವ ಜಾಗ) ಊರಿಗೆ ಮರಳಿದ ಹುಡುಗನಿಗೆ ಮೊದಲು ಅಡ್ಡ ಬರುವುದು ಸಣ್ಣ ಸಂಗತಿಗಳು. ಮಕ್ಕಳ ಪ್ರಕರಣ ವಿಚಾರಿಸುವ ಬಾಲನ್ಯಾಯ ಮಂಡಳಿಯ ತಾರೀಖು ಮರೆತುಹೋಗುತ್ತದೆ. ಆಧಾರ್‌ನಲ್ಲಿ ಬೆರಳಚ್ಚು ಹೊಂದುವುದಿಲ್ಲ. ಶಾಲೆಯಲ್ಲಿ ಟಿಸಿ ಕೇಳುತ್ತಾರೆ. ಇನ್ನು ಬೆಳಿಗ್ಗೆ ಹತ್ತಕ್ಕೆ ಮನೆಯವರೆಲ್ಲ ಹೊಲಕ್ಕೆ, ಕೂಲಿಗೆ ಹೋದರೆ ಅವನಿಗೆ ಹೋಗಲು ಜಾಗವೇ ಇರುವುದಿಲ್ಲ. ಹಳೆಯ ಗುಂಪು ಮಾತ್ರ ಕಟ್ಟೆಯ ಮೇಲೆ ಕೂತೇ ಇರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ತಂದೆ, ತಾಯಿ, ಸೋದರಮಾವ, ಮಾಸ್ತರು, ಆಶಾ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು, ಇವರಲ್ಲಿ ಯಾರಾದರೂ ಈ ಸಣ್ಣ ಸಂಗತಿಗಳ ಲೆಕ್ಕ ಇಟ್ಟುಕೊಳ್ಳಬೇಕು. ಒಬ್ಬರೇ ಸಾಕು. ನಾಲ್ವರು ಸೇರಿ ನೋಡಿಕೊಳ್ಳುತ್ತೇವೆ ಎಂದರೆ ತಾರೀಖು ಯಾರಿಗೂ ನೆನಪಿರುವುದಿಲ್ಲ.

ಯಾವ ಆದೇಶದ ಮೇಲೆ ಬಂದಿದ್ದಾನೆ?

ಇದು ಗೊತ್ತಾಗದೆ ಮುಂದಿನ ಯಾವ ಕೆಲಸವೂ ಸರಿಯಾಗದು. 2015ರ ಬಾಲನ್ಯಾಯ ಕಾಯ್ದೆಯಡಿ ಹುಡುಗ ಮನೆಗೆ ಬರುವ ದಾರಿ ಮುಖ್ಯವಾಗಿ ಮೂರು.

ಒಂದು, 12ನೇ ಕಲಮಿನ ಜಾಮೀನು. ಪ್ರಕರಣ ಇನ್ನೂ ನಡೆಯುತ್ತಿದೆ ಎಂದು ಇದರ ಅರ್ಥ. ಮನೆಯವರು ‘ಬಿಟ್ಟರು, ಕೇಸ್ ಮುಗೀತು’ ಎಂದುಕೊಳ್ಳುವುದು ಇಲ್ಲಿಯೇ. ಮುಂದಿನ ತಾರೀಖಿಗೆ ಹೋಗದಿದ್ದರೆ ಜಾಮೀನಿಗೇ ಕುತ್ತು. ಇನ್ನೊಂದು ವಿಷಯ: ಜಾಮೀನು ಮಂಜೂರಾಗಿಯೂ ಷರತ್ತು ಪೂರೈಸಲಾಗದೆ, ಅಂದರೆ ಜಾಮೀನುದಾರರು ಸಿಗದೆಯೋ ಹಣ ಹೊಂದದೆಯೋ, 7 ದಿನದೊಳಗೆ ಹುಡುಗ ಹೊರಬರದಿದ್ದರೆ ಷರತ್ತು ಸಡಿಲಿಸಲು ಅವನನ್ನು ಮತ್ತೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಇದು ಕಾಯ್ದೆಯಲ್ಲೇ ಇದೆ, ಕೇಳಿ ಪಡೆಯಿರಿ. ಬಡ್ಡಿಗೆ ಸಾಲ ತರುವುದು ಆಮೇಲಿನ ಮಾತು.

ಎರಡು, 18ನೇ ಕಲಮಿನ ಅಂತಿಮ ಆದೇಶ: ಎಚ್ಚರಿಕೆ ನೀಡಿ ಮನೆಗೆ ಕಳಿಸುವುದು, ಸಮುದಾಯ ಸೇವೆ, ಅಥವಾ ಸನ್ನಡತೆಯ ಮೇಲೆ ಬಿಡುಗಡೆ. ಸನ್ನಡತೆಯ ಅವಧಿ 3 ವರ್ಷದವರೆಗೆ ಇರಬಹುದು. ತಂದೆ ಅಥವಾ ತಾಯಿ ಮುಚ್ಚಳಿಕೆ ಬರೆದುಕೊಟ್ಟಿರುತ್ತಾರೆ. ಅದರಲ್ಲಿ ಏನಿದೆ ಎಂದು ಓದಿಸಿ ಕೇಳಿಯೇ ಇರುವುದಿಲ್ಲ. ಮೂರು, ವಿಶೇಷ ಗೃಹದ ಅವಧಿ ಮುಗಿಸಿ ಬಂದವನು. ಅವನಿಗೆ ತಾರೀಖಿನ ಕಾಟವಿಲ್ಲ, ಆದರೆ ಊರಿಂದ ದೂರವಿದ್ದ ಕಾಲ ಹೆಚ್ಚು, ಮನೆಯೇ ಅಪರಿಚಿತವಾಗಿರುತ್ತದೆ.

ಆದೇಶದ ಪ್ರತಿಯನ್ನು ಪಡೆದು ವಕೀಲರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಮುಂದಿನ ತಾರೀಖು, ಎಲ್ಲಿ ಹಾಜರಾಗಬೇಕು, ಯಾರನ್ನು ಸಂಪರ್ಕಿಸಬಾರದು, ಯಾವ ಊರು ಬಿಟ್ಟು ಹೋಗಬಾರದು. ಅದನ್ನು ಅಲಮಾರಿಯ ಬಾಗಿಲ ಒಳಮೈಗೆ ಅಂಟಿಸಿ. ಗೋಡೆಗೆ ಬೇಡ, ಬಂದವರೆಲ್ಲ ಓದುತ್ತಾರೆ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ. ಮಕ್ಕಳಿಗೆ ಆದಾಯದ ಮಿತಿ ಅಡ್ಡಬರುವುದಿಲ್ಲ. ಸಹಾಯವಾಣಿ 15100.

ತಾರೀಖಿಗೆ ಹೋಗುವ ಖರ್ಚನ್ನು ಮೊದಲೇ ಎತ್ತಿಡಿ. ಬಸವಕಲ್ಯಾಣದ ಕಡೆಯ ಹಳ್ಳಿಯಿಂದ ಬೀದರಿಗೋ ಆಳಂದದಿಂದ ಕಲಬುರಗಿಗೋ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಜೊತೆಗೆ ತಾಯಿ ಹೋದರೆ ಶಕ್ತಿ ಯೋಜನೆಯಲ್ಲಿ ಅವಳ ಟಿಕೆಟ್ ಉಳಿಯುತ್ತದೆ, ಹುಡುಗನದಷ್ಟೇ ಖರ್ಚು. ಕಚೇರಿಯ ಕೆಲಸವನ್ನೂ ಅದೇ ದಿನಕ್ಕೆ ಜೋಡಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗಾಗಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ವಾಡಿಕೆ. ಹನ್ನೊಂದರ ಬಸ್ಸು ಹಿಡಿದು ಹೋದವರು ಬೀಗ ನೋಡಿ ವಾಪಸು ಬರುತ್ತಾರೆ.

ಗುಳೆ ಹೋಗುವ ಮನೆಗಳಿಗೆ ಒಂದು ಮಾತು. ದೀಪಾವಳಿ ಕಳೆದು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೊರಟರೆ ಯುಗಾದಿಯವರೆಗೆ ಊರಿನ ಮನೆಗೆ ಬೀಗ. ಮಂಡಳಿಯ ಕಾಗದ ಆ ಬೀಗದ ಮನೆಗೇ ಬರುತ್ತದೆ. ಹೊರಡುವ ಮೊದಲೇ ವಕೀಲರ ಮೂಲಕ ಮಂಡಳಿಗೆ ಅರ್ಜಿ ಹಾಕಿ, ಹೋಗುವ ಊರಿನ ವಿಳಾಸ, ಮೇಸ್ತ್ರಿಯ ಫೋನ್ ನಂಬರ್, ವಾಪಸು ಬರುವ ತಿಂಗಳು ತಿಳಿಸಿ. ಪ್ರೊಬೇಷನ್ ಅಧಿಕಾರಿಯ (ಬಿಡುಗಡೆಯಾದ ಹುಡುಗನ ಮೇಲೆ ನಿಗಾ ಇಡುವವರು) ಮೇಲ್ವಿಚಾರಣೆ ಇದ್ದರೆ ಅದು ಅಲ್ಲಿ ಹೇಗೆ ಮುಂದುವರಿಯಬೇಕೆಂದೂ ಕೇಳಿ. ಹೇಳದೆ ಹೋದರೆ ‘ತಲೆಮರೆಸಿಕೊಂಡಿದ್ದಾನೆ’ ಎಂದು ಬರೆದುಕೊಳ್ಳುತ್ತಾರೆ. ಕಬ್ಬು ಕಡಿಯಲು ಹೋಗಿದ್ದ ಎಂಬುದು ಆ ಕಾಗದಕ್ಕೆ ಗೊತ್ತಾಗುವುದಿಲ್ಲ.

ಹೊರಬರುವ ಮೊದಲಿನ ಹದಿನೈದು ದಿನ

ವಿಶೇಷ ಗೃಹದಲ್ಲಿರುವ ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆ ಇರಬೇಕು. 2016ರ ಮಾದರಿ ನಿಯಮಗಳಲ್ಲಿ ಅದು ನಮೂನೆ 7. ಬಿಡುಗಡೆಗೆ 15 ದಿನ ಮೊದಲು ತುಂಬುವ ಭಾಗ ಒಂದಿದೆ, ಬಿಡುಗಡೆಯ ನಂತರದ ಭಾಗ ಇನ್ನೊಂದಿದೆ. ಆ ಎರಡನೆಯ ಭಾಗದಲ್ಲಿ ಬ್ಯಾಂಕ್ ಖಾತೆ, ಗಳಿಕೆ, ಶಾಲೆ, ನೆರೆಹೊರೆಯ ವರ್ತನೆ, ಎರಡು ಮತ್ತು ಆರು ತಿಂಗಳ ನಂತರದ ಭೇಟಿ, ಎಲ್ಲಕ್ಕೂ ಜಾಗವಿದೆ. ಭೇಟಿಗೆ ಹೋದಾಗ ‘ನಮೂನೆ 7ರಲ್ಲಿ ನಮ್ಮ ಹುಡುಗನದು ಏನು ಬರೆದೀರಿ ಸರ್?’ ಎಂದು ಕೇಳಿ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಆ ಭಾಗ ಖಾಲಿ ಉಳಿಯುವುದು ಕಡಿಮೆ.

ಅಷ್ಟರಲ್ಲಿ ಸಂಗ್ರಹಿಸಬೇಕಾದವು: ಜನನ ಪ್ರಮಾಣಪತ್ರ, ಟಿಸಿ ಅಥವಾ ವ್ಯಾಸಂಗ ಪ್ರಮಾಣಪತ್ರ, ಆಧಾರ್, ಔಷಧಿಯ ಚೀಟಿ, ಒಳಗೆ ಕಲಿತ ಕಸುಬಿನ ಪ್ರಮಾಣಪತ್ರ. ಈ ಕೊನೆಯದನ್ನು ಕೈಗೆ ತೆಗೆದುಕೊಂಡು ಓದಿ. ವೀಕ್ಷಣಾಲಯದ ಹೆಸರೋ ಮೊಹರೋ ಇದ್ದರೆ ಹುಡುಗ ಅದನ್ನು ಯಾವ ಮಾಲೀಕನಿಗೂ ತೋರಿಸಲಾರ. ತರಬೇತಿ ಕೊಟ್ಟ ಸಂಸ್ಥೆಯ ಹೆಸರಲ್ಲೇ ಬೇಕೆಂದು ಕೇಳಿ. ಮಾನಸಿಕ ಕಾಯಿಲೆಗೋ ಮೂರ್ಛೆಗೋ ಮಾತ್ರೆ ನುಂಗುತ್ತಿದ್ದರೆ ಕನಿಷ್ಠ 15 ದಿನದ ಮಾತ್ರೆ ಜೊತೆಗೆ ಬರಬೇಕು. ಮೂರ್ಛೆಯ ಮಾತ್ರೆ ಒಮ್ಮೆಲೇ ನಿಂತರೆ ಮೂರ್ಛೆ ಮರುಕಳಿಸುತ್ತದೆ, ಊರವರು ದೆವ್ವ ಎನ್ನುತ್ತಾರೆ, ಅಲ್ಲಿಂದ ಕಥೆಯೇ ಬೇರೆ.

ಮನೆಯಲ್ಲಿ ಮದುವೆ, ಸಾವು, ತಂದೆತಾಯಿಯ ಗಂಭೀರ ಕಾಯಿಲೆ ಅಥವಾ ಹುಡುಗನಿಗೆ ಪರೀಕ್ಷೆ ಇದ್ದರೆ ಸಾಮಾನ್ಯವಾಗಿ 7 ದಿನದವರೆಗೆ, ಪ್ರಯಾಣದ ದಿನ ಬಿಟ್ಟು, ರಜೆಯ ಮೇಲೆ ಕಳಿಸಲು 98ನೇ ಕಲಮಿನಲ್ಲಿ ಅವಕಾಶವಿದೆ. ಆ ವಾರದಲ್ಲಿ ಯಾರು ಮಾತಾಡಿಸಿದರು, ಯಾರು ಮುಖ ತಿರುಗಿಸಿದರು, ಹಳೆಯ ಗುಂಪಿನವರಲ್ಲಿ ಯಾರು ಹುಡುಕಿಕೊಂಡು ಬಂದರು ಎಂದು ಗಮನಿಸಿಡಿ. ಮುಂದಿನ ಆರು ತಿಂಗಳ ನಕ್ಷೆ ಅದೇ.

ಕರೆತರಲು ತಾಯಿ ಮತ್ತು ಹುಡುಗ ಹೆದರದ ಒಬ್ಬ ಹಿರಿಯರು ಸಾಕು. ಜೀಪು ತುಂಬ ಜನ ಬೇಡ, ಹಾರವಂತೂ ಬೇಡವೇ ಬೇಡ. ಈಗಿನ ಅಳತೆಯ ಒಂದು ಜೊತೆ ಬಟ್ಟೆ, ಚಪ್ಪಲಿ ತೆಗೆದುಕೊಂಡು ಹೋಗಿ. ಒಂದೂವರೆ ವರ್ಷದಲ್ಲಿ ಹುಡುಗರು ಬೆಳೆದಿರುತ್ತಾರೆ. ಹಳೆಯ ಪ್ಯಾಂಟ್ ಮೊಳಕಾಲಿಗೆ ಬಂದರೆ ಬಸ್‌ಸ್ಟ್ಯಾಂಡಿನಲ್ಲೇ ಎಲ್ಲರ ಕಣ್ಣು. ಸಂಜೆ ಕಟ್ಟೆ ತುಂಬುವ ಹೊತ್ತಿಗೆ ಊರು ಮುಟ್ಟುವ ಬಸ್ಸು ಬಿಟ್ಟು ಮಧ್ಯಾಹ್ನದ್ದು ಹಿಡಿಯಿರಿ.

ಮೊದಲ ವಾರ ಮನೆಯೊಳಗೆ

ಐದಕ್ಕೇ ಎದ್ದು ಕೂರುತ್ತಾನೆ. ನೀರು ಕುಡಿಯಲೂ ಕೇಳಿ ಹೋಗುತ್ತಾನೆ. ರೊಟ್ಟಿಯನ್ನು ಗಬಗಬ ತಿಂದು ಮುಗಿಸುತ್ತಾನೆ, ಇಲ್ಲವೇ ಬಚ್ಚಿಡುತ್ತಾನೆ. ಬಾಗಿಲು ಹಾಕಿದರೆ ಬೆಚ್ಚುತ್ತಾನೆ. ಗಂಟೆಯ ಮೇಲೆ ನಡೆಯುವ ಜಾಗದಲ್ಲಿ ದಿನ ಕಳೆದವರಿಗೆ ಇದೆಲ್ಲ ಸಹಜ. ಗೇಲಿ ಮಾಡದಿದ್ದರೆ ಕೆಲ ವಾರಗಳಲ್ಲಿ ಇಳಿಯುತ್ತದೆ. ನಿದ್ದೆಯಿಲ್ಲದಿರುವುದು, ಊಟ ಬಿಡುವುದು, ಸಾಯುವ ಮಾತು ಎರಡು ವಾರ ದಾಟಿಯೂ ಇದ್ದರೆ ಸಹಜವೆಂದು ಬಿಡಬೇಡಿ. ಸಾಯುವ ಮಾತಿಗಂತೂ ಎರಡು ದಿನವೂ ಕಾಯಬಾರದು. ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲಿ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯ ಯಾವಾಗ ಇದೆಯೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕ್ರಿಮಿನಾಶಕದ ಡಬ್ಬಿ ಹತ್ತಿ ಬೆಳೆಯುವ ಮನೆಗಳಲ್ಲಿ ಕೈಗೆಟುಕುವಂತೆಯೇ ಇರುತ್ತದೆ. ಅದನ್ನು ಬೀಗದೊಳಗೆ ಇಡಿ, ಇಲ್ಲವೇ ಬೇರೆಯವರ ಮನೆಯಲ್ಲಿಡಿ.

ಸಾಲದ ಮಾತು ಬಂದೇ ಬರುತ್ತದೆ. ವಕೀಲರಿಗೆ, ಓಡಾಟಕ್ಕೆ ಆದ ಖರ್ಚನ್ನು ಮುಚ್ಚಿಡಬೇಡಿ. ಒಂದು ದಿನ ಕೂರಿಸಿ ಇಷ್ಟು ರೂಪಾಯಿ ಎಂದು ಅಂಕಿ ಹೇಳಿ, ಅವನ ಪಾಲಿನದನ್ನು ಯಾವಾಗ, ಹೇಗೆ ತೀರಿಸುವುದೆಂದು ಗೊತ್ತುಮಾಡಿ, ಅಲ್ಲಿಗೆ ನಿಲ್ಲಿಸಿ. ದಿನವೂ ಊಟದ ಹೊತ್ತಿಗೆ ‘ನಿನ್ನಿಂದ ಹೊಲ ಹೋತು’ ಎಂದು ಕೇಳುವವನು ಊಟಕ್ಕೆ ಮನೆಗೆ ಬರುವುದನ್ನೇ ಬಿಡುತ್ತಾನೆ. ರಾತ್ರಿ ಎಲ್ಲಿ ಉಣ್ಣುತ್ತಾನೆ ಎಂಬುದು ಆಮೇಲೆ ಗುಂಪಿಗೆ ಬಿಟ್ಟ ವಿಷಯ.

ಊರಲ್ಲಿ ಕೇಳುವವರಿಗೆ ಒಂದು ಸಿದ್ಧ ಉತ್ತರ ಬೇಕು. ‘ಎಲ್ಲಿ ಹೋಗಿದ್ದ್ಯೋ ಇಷ್ಟ ದಿನ?’ ಎಂದರೆ ‘ಹೊರಗಿದ್ದೆ ಕಾಕಾ, ಈಗ ಬಂದೀನಿ. ಗ್ಯಾರೇಜದಾಗ ಕೆಲಸ ಕಲಿಲಾಕತ್ತೀನಿ’, ಅಷ್ಟೇ. ಮನೆಯವರೂ ಅದನ್ನೇ ಹೇಳಬೇಕು. ಪುಣೆಗೆ ಹೋಗಿದ್ದ ಎಂಬ ಸುಳ್ಳು ನಿಲ್ಲುವುದಿಲ್ಲ, ನಮ್ಮ ಕಡೆ ಪ್ರತಿ ಓಣಿಯಿಂದಲೂ ಒಬ್ಬ ಪುಣೆಯಲ್ಲಿರುತ್ತಾನೆ. ನಾಲ್ಕು ಸಲ ಮನೆಯಲ್ಲೇ ಹೇಳಿಸಿ ನೋಡಿ, ಐದನೆಯ ಸಲಕ್ಕೆ ದನಿ ನಡುಗುವುದು ನಿಲ್ಲುತ್ತದೆ.

18 ತುಂಬಿದವನಿಗೆ ಮೊದಲ ವಾರವೇ ಒಂದು ವಿಷಯ ಸ್ಪಷ್ಟವಾಗಿ ಹೇಳಿ: ಹಳೆಯ ಪ್ರಕರಣ ಬಾಲನ್ಯಾಯ ವ್ಯವಸ್ಥೆಯಲ್ಲೇ ಉಳಿಯುತ್ತದೆ, ಆದರೆ ಇನ್ನು ಮುಂದೆ ಮಾಡುವುದಕ್ಕೆ ದೊಡ್ಡವರ ಕೋರ್ಟು, ದೊಡ್ಡವರ ಜೈಲು. ‘ನಮಗೇನೂ ಆಗೂದಿಲ್ಲ ಬಿಡು’ ಎಂದು ಗುಂಪಿನಲ್ಲಿ ಹೇಳಿಕೊಟ್ಟಿರುತ್ತಾರೆ.

ಕಾಗದಪತ್ರದ ಸರಣಿ

ಇದಕ್ಕೆ ಕ್ರಮವಿದೆ. ಮೊದಲು ಆಧಾರ್. 15 ವರ್ಷಕ್ಕೆ ಬೆರಳಚ್ಚು, ಕಣ್ಣು ಹೊಸದಾಗಿ ಕೊಡಬೇಕು. ಆ ವಯಸ್ಸಿನಲ್ಲಿ ಒಳಗಿದ್ದವನದು ಬಾಕಿಯೇ ಇರುತ್ತದೆ, ಹಳೆಯ ಬೆರಳಚ್ಚು ಎಲ್ಲೂ ಹೊಂದುವುದಿಲ್ಲ. ಆಧಾರ್ ಸರಿಯಾದ ಮೇಲೆ ಪಡಿತರ ಚೀಟಿ: ಇ-ಕೆವೈಸಿ ಆಗದ ಕಾರಣ ಹೆಸರು ಬಿಟ್ಟುಹೋಗಿದೆಯೇ ನೋಡಿ. ಆಮೇಲೆ ಅವನದೇ ಹೆಸರಿನ ಬ್ಯಾಂಕ್ ಖಾತೆ, ಆಮೇಲೆ ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಸಂವಿಧಾನದ 371(ಜೆ) ವಿಧಿಯಡಿಯ ಪ್ರಮಾಣಪತ್ರವನ್ನೂ ಇದರ ಜೊತೆಗೇ ಮಾಡಿಸಿ. ಕಾಲೇಜು ಸೀಟಿಗೆ, ನೌಕರಿಗೆ ಕಲ್ಯಾಣ ಕರ್ನಾಟಕದವರಿಗೆ ಅದು ಬೇಕೇ ಬೇಕು, ಅರ್ಜಿಯ ಕೊನೆಯ ವಾರದಲ್ಲಿ ಓಡಿದರೆ ಸಿಗುವುದಿಲ್ಲ. ತಂದೆಯ ಹೆಸರು ಒಂದರಲ್ಲಿ ‘ಶರಣಪ್ಪ’ ಇನ್ನೊಂದರಲ್ಲಿ ‘ಶರಣಬಸಪ್ಪ’ ಎಂದಿರುವುದು ಇಲ್ಲಿನ ಮಾಮೂಲಿ ತೊಡಕು. ಯಾವುದು ಟಿಸಿಯಲ್ಲಿದೆಯೋ ಅದನ್ನೇ ಎಲ್ಲೆಡೆ ಮಾಡಿಸುವುದು ಸುಲಭ.

ಬೆಳಿಗ್ಗೆ ಹತ್ತು ಗಂಟೆಯ ಪ್ರಶ್ನೆ

6ರಿಂದ 14 ವರ್ಷದವನಿಗೆ ಶಾಲೆ ಬಿಟ್ಟರೆ ಬೇರೆ ಯೋಚನೆ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಟಿಸಿ ತಡವಾಯಿತೆಂದು ನಿರಾಕರಿಸುವಂತಿಲ್ಲ. ಎಲ್ಲಿದ್ದ ಎಂದು ಮುಖ್ಯಗುರುಗಳು ಕೇಳಿದರೆ ‘ಬಾಲಮಂದಿರದ ಮೂಲಕ ಓದುತ್ತಿದ್ದ’ ಎಂಬಂಥ ಅರ್ಧಸತ್ಯಕ್ಕಿಂತ, ‘ಅದನ್ನು ಹೇಳಬೇಕಿಲ್ಲ ಸರ್, ಮಗನ ಹಾಜರಿ ನಾವು ನೋಡಿಕೊಳ್ತೀವಿ’ ಎಂಬುದೇ ಮೇಲು.

ಹತ್ತನೆಯ ತರಗತಿಯ ಅಂಚಿನಲ್ಲಿ ಬಿಟ್ಟುಹೋದವನು ತನಗಿಂತ ಮೂರು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂರುವುದಿಲ್ಲ. ಒತ್ತಾಯಿಸಿದರೆ ತಿಂಗಳೊಳಗೆ ಬಿಡುತ್ತಾನೆ. 15 ತುಂಬಿದ್ದರೆ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿರುವುದರಿಂದ ಒಂದು ವಿಷಯ ಉಳಿದರೆ ವರ್ಷ ಹೋಗುವುದಿಲ್ಲ. ಐಟಿಐಗೆ 14 ವರ್ಷ ಆಗಿರಬೇಕು. ವೆಲ್ಡರ್, ವೈರ್‌ಮನ್‌ನಂಥ ವೃತ್ತಿಗಳಿಗೆ 8ನೇ ತರಗತಿ ಸಾಕು. ಪ್ರವೇಶ ವರ್ಷಕ್ಕೊಮ್ಮೆ ಮಾತ್ರ, ಹಾಗಾಗಿ ನವೆಂಬರ್‌ನಲ್ಲಿ ಬಂದವನಿಗೆ ಜೂನ್‌ವರೆಗೆ ಬೇರೆ ಏನಾದರೂ ಬೇಕು. ಈ ನಡುವಿನ ಏಳೆಂಟು ತಿಂಗಳೇ ಅಪಾಯದ ಕಾಲ.

ಕೆಲಸದ ವಿಷಯದಲ್ಲಿ ಕಾನೂನು ನೇರವಾಗಿದೆ. 14 ದಾಟದವರು ಕೆಲಸಕ್ಕಿಲ್ಲ. 14ರಿಂದ 18ರವರು ಅಪಾಯಕಾರಿ ಕೆಲಸಕ್ಕಿಲ್ಲ. ನಮ್ಮಲ್ಲಿ ಸುಲಭವಾಗಿ ಸಿಗುವ ಕೆಲಸಗಳೇ ಆ ಪಟ್ಟಿಯಲ್ಲಿವೆ: ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಜಾಗದ ದೂಳು ಶ್ವಾಸಕೋಶಕ್ಕಿಳಿಯುತ್ತದೆ, 18 ದಾಟಿದವನಿಗೂ ಅದು ಕೊನೆಯ ಆಯ್ಕೆಯಾಗಿರಲಿ. ಗ್ಯಾರೇಜು, ಮೊಬೈಲ್ ರಿಪೇರಿ, ಹೊಲಿಗೆ, ವೈರಿಂಗ್, ಎಸಿ ಮತ್ತು ಕೂಲರ್ ರಿಪೇರಿ ಒಳ್ಳೆಯವು. ಕೂಲರ್ ರಿಪೇರಿಗೆ ಈ ಬಿಸಿಲ ನಾಡಿನಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಪುರಸೊತ್ತೇ ಇರುವುದಿಲ್ಲ. ಹದಿನೆಂಟರೊಳಗಿನವನನ್ನು ಅಂಗಡಿಯಲ್ಲಿ ದಿನಕ್ಕೆ 6 ಗಂಟೆಗಿಂತ ಹೆಚ್ಚು, ಅಥವಾ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ.

ಬೀದರಿನಲ್ಲಿ ಬಿದರಿ ಕಲೆ ಕಲಿಸಿದರೆ ಹೇಗೆ ಎಂದು ಹೊರಗಿನಿಂದ ಬಂದ ಎಲ್ಲರೂ ಕೇಳುತ್ತಾರೆ. ಸತುವಿನ ಎರಕದ ಮೇಲೆ ಬೆಳ್ಳಿ ತಂತಿ ಕೂರಿಸುವುದಕ್ಕೆ ಕೈ ಪಳಗಲು ಬಹಳ ಕಾಲ ಬೇಕು, ಅಷ್ಟು ದಿನ ಗಳಿಕೆ ಕಡಿಮೆ. ಮನೆಯಲ್ಲಿ ಬೇರೆ ದುಡಿಮೆ ಇದ್ದು ಹುಡುಗನಿಗೆ ತಾಳ್ಮೆ ಇದ್ದರೆ ಸರಿ. ಅವನ ಕೂಲಿಯ ಮೇಲೇ ಒಲೆ ಉರಿಯಬೇಕೆಂದರೆ ಮೂರನೇ ವಾರಕ್ಕೆ ಬಿಡುತ್ತಾನೆ.

ಮಾಲೀಕನಿಗೆ ಏನು ಹೇಳಬೇಕು? ಹುಡುಗನನ್ನು ಕೇಳದೆ ಏನೂ ಹೇಳಬಾರದು. ಅವನು ಒಪ್ಪಿದರೆ ‘ಸ್ವಲ್ಪ ತೊಂದರೆಯಾಗಿತ್ತು, ತಿಂಗಳಿಗೊಮ್ಮೆ ರಜೆ ಬೇಕಾಗುತ್ತದೆ’ ಎಂಬಷ್ಟು ಸಾಕು. ಯಾವ ಪ್ರಕರಣ ಎಂಬುದು ಬೇಡ. ರಜೆಯ ಮಾತು ಮೊದಲೇ ಆಡದಿದ್ದರೆ ಎರಡನೇ ತಾರೀಖಿಗೆ ಕೆಲಸ ಹೋಗುತ್ತದೆ. ಕೂಲಿಯನ್ನು ವಾರವಾರ ಅವನ ಕೈಗೇ ಕೊಡಲಿ. ತಂದೆಯ ಕೈಗೆ ಕೊಟ್ಟರೆ, ವಿಶೇಷವಾಗಿ ಕುಡಿಯುವ ತಂದೆಯಾದರೆ, ಹುಡುಗ ಕೆಲಸಕ್ಕೆ ಹೋಗುವ ಕಾರಣವೇ ಉಳಿಯುವುದಿಲ್ಲ.

ಎದುರು ಪಕ್ಷ, ಪೊಲೀಸರು, ಗುಂಪು

ಸಣ್ಣ ಊರಲ್ಲಿ ದೂರು ಕೊಟ್ಟ ಮನೆ ಎರಡು ಓಣಿ ಆಚೆಗೇ ಇರುತ್ತದೆ, ನೀರಿನ ಟ್ಯಾಂಕಿಯ ಹತ್ತಿರ ಭೇಟಿಯಾಗಿಯೇ ಆಗುತ್ತದೆ. ಹಿರಿಯರು ಸೇರಿ ರಾಜಿ ಮಾಡಿಸುತ್ತೇವೆಂದು ಬರುತ್ತಾರೆ. ಪ್ರಕರಣ ನಡೆಯುತ್ತಿರುವಾಗ ಸಾಕ್ಷಿಯ ಮನೆಗೆ ಹಣ ಕಳಿಸಿದರೆ ಅದೇ ಹೊಸ ಪ್ರಕರಣವಾಗಬಹುದು, ಜಾಮೀನೂ ಹೋಗಬಹುದು. ಏನಿದ್ದರೂ ವಕೀಲರ ಮೂಲಕ. ಹುಡುಗಿಯ ಜೊತೆ ಓಡಿಹೋಗಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಆದ ಪ್ರಕರಣಗಳಲ್ಲಿ ಇನ್ನೂ ಎಚ್ಚರ ಬೇಕು. ಹುಡುಗಿಯೇ ಮೆಸೇಜ್ ಮಾಡಿದರೂ ಹುಡುಗ ಉತ್ತರಿಸಿದರೆ ಷರತ್ತು ಮುರಿದಂತೆ. ಉತ್ತರಿಸದೆ, ಅಳಿಸದೆ, ಅದೇ ದಿನ ವಕೀಲರಿಗೆ ತೋರಿಸಿ. ಹಳೆಯ ಸಿಮ್ ತಾಯಿಯ ಬಳಿ ಇರಲಿ.

ಊರಲ್ಲಿ ಮೋಟರು ಕಳುವಾದರೆ ಮೊದಲು ಇವನನ್ನೇ ಕರೆಯುತ್ತಾರೆ. ಹದಿನೆಂಟರೊಳಗಿನವನಾದರೆ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೇ ವಿಚಾರಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ, ಹಿಡಿದರೆ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮಂಡಳಿಯ ಮುಂದೆ ಹಾಜರುಪಡಿಸಬೇಕು. ಕರೆ ಬಂದರೆ ಒಬ್ಬನನ್ನೇ ಕಳಿಸಬೇಡಿ. ಜಗಳವಾಡದೆ ಹೋಗಿ, ಕರೆದ ಅಧಿಕಾರಿಯ ಹೆಸರು, ಹೋದ ಮತ್ತು ಬಂದ ವೇಳೆ ಬರೆದಿಡಿ, ಪ್ರೊಬೇಷನ್ ಅಧಿಕಾರಿಗೆ ಫೋನ್ ಮಾಡಿ. ಆ ದಿನ ಕೆಲಸಕ್ಕೆ ಹೋಗಿದ್ದ ಎಂಬುದಕ್ಕೆ ಮಾಲೀಕನ ಹಾಜರಿ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ.

ಹುಡುಗನ ಫೋಟೊವನ್ನೋ ಹೆಸರನ್ನೋ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರಿಗೆ 74ನೇ ಕಲಮು ನೆನಪಿಸಿ: 6 ತಿಂಗಳವರೆಗೆ ಸೆರೆ, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳ್ಳೆಯ ಮನಸ್ಸಿನಿಂದ ‘ನಮ್ಮ ಊರಿನ ಹುಡುಗ ಸುಧಾರಿಸಿ ಬಂದ’ ಎಂದು ಹಾಕಿದರೂ ಅದೇ. ಮಕ್ಕಳ ಗ್ರಾಮಸಭೆಯಲ್ಲೂ ಅವನ ಹೆಸರೆತ್ತಬೇಡಿ.

ಗುಂಪನ್ನು ಬಿಡು ಎಂದರೆ ಬಿಡುವುದಿಲ್ಲ, ಅವನಿಗೆ ಬೇರೆ ಗೆಳೆಯರೇ ಇಲ್ಲ. ಆಗುವುದಿಷ್ಟು: ಗುಂಪು ಸೇರುವ ವೇಳೆಯಲ್ಲಿ ಅವನಿಗೆ ಬೇರೆ ಕಡೆ ಕೆಲಸವಿರುವಂತೆ ನೋಡಿಕೊಳ್ಳುವುದು. ಹೋಳಿ, ಗಣಪತಿ, ಮೊಹರಂ, ಊರ ಜಾತ್ರೆಯ ರಾತ್ರಿಗಳಿಗೆ ಮೊದಲೇ ಯೋಚಿಸಿ. ಮೊದಲ ವರ್ಷ ಆ ಎರಡು ದಿನ ದೂರದ ಚಿಕ್ಕಮ್ಮನ ಮನೆಗೆ ಕಳಿಸುವುದು ಹೇಡಿತನವಲ್ಲ. ಗಾಂಜಾ, ನಶೆಗೆ ಮೂಸುವ ಸೊಲ್ಯೂಷನ್, ಕುಡಿತ ಮೊದಲು ಇದ್ದರೆ ಬಂದ ತಿಂಗಳಲ್ಲಿ ವಿಶೇಷ ಕಣ್ಣಿಡಿ. ಬಿಟ್ಟು ಬಹುದಿನವಾದ ಮೈಗೆ ಹಳೆಯ ಪ್ರಮಾಣ ತಡೆಯುವುದಿಲ್ಲ.

ಹುಡುಗಿಯಾದರೆ

ಮನೆಯವರು ಮೊದಲು ಯೋಚಿಸುವುದು ಮದುವೆ. 18 ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ ಮೊದಲಿಂದಲೇ ಅಸಿಂಧು, ಮಾಡಿಸಿದವರಿಗೆ ಶಿಕ್ಷೆ. ಅವಳಿಗೆ ಮನೆಯೇ ಅಪಾಯದ ಜಾಗವಾಗಿದ್ದರೆ ಅದನ್ನು ಬಿಡುಗಡೆಗೆ ಮೊದಲೇ ಪ್ರೊಬೇಷನ್ ಅಧಿಕಾರಿಗೆ ತಿಳಿಸಿ. ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಬೇರೆ ವ್ಯವಸ್ಥೆ ಸಾಧ್ಯ. ಬಂದ ಮೇಲೆ ಹೇಳಿದರೆ ತಡವಾಗಿರುತ್ತದೆ.

ಹಣದ ನೆರವು

ಸಂಸ್ಥೆಯಿಂದ 18 ತುಂಬಿ ಹೊರಬಂದವರಿಗೆ 21ರವರೆಗೆ ಅನುಪಾಲನೆ, ಅಂದರೆ ಹೊರಬಂದ ಮೇಲಿನ ನೆರವು ಇದೆ. ವಿಶೇಷ ಸಂದರ್ಭದಲ್ಲಿ 23ರವರೆಗೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ. ತಾನಾಗಿ ಬರುವುದಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಬೇಕು, ಹೊರಬರುವ ಮೊದಲೇ ಆದರೆ ಒಳ್ಳೆಯದು, ಖಾತೆ ಅವನದೇ ಹೆಸರಲ್ಲಿರಬೇಕು. ಅರ್ಜಿಗೆ ಸ್ವೀಕೃತಿ ಸಂಖ್ಯೆ ಪಡೆಯದೆ ಬರಬೇಡಿ. ಹಣ ತಿಂಗಳು ತಿಂಗಳು ಸರಿಯಾಗಿ ಬರುತ್ತದೆಂದು ನಂಬಿ ಬಾಡಿಗೆ ಮನೆ ಹಿಡಿಯಬೇಡಿ.

ನೌಕರಿಯ ಅರ್ಜಿ ಮತ್ತು ಹಳೆಯ ಕಡತ

ವರ್ಷಗಳ ನಂತರ ಪೊಲೀಸ್ ಪರಿಶೀಲನೆ ಬಂದಾಗ ಮನೆಯವರು ಗಾಬರಿಯಾಗುತ್ತಾರೆ. 24ನೇ ಕಲಮಿನ ಪ್ರಕಾರ ಬಾಲನ್ಯಾಯ ಕಾಯ್ದೆಯಡಿ ಇತ್ಯರ್ಥವಾದ ಪ್ರಕರಣದಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ. 16 ದಾಟಿ ಘೋರ ಅಪರಾಧದಲ್ಲಿ ಮಕ್ಕಳ ನ್ಯಾಯಾಲಯ ವಯಸ್ಕನಂತೆ ವಿಚಾರಿಸಿ ತೀರ್ಪು ಕೊಟ್ಟವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಮುಗಿದ ಪ್ರಕರಣವನ್ನು ಗುಣನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸಬಾರದೆಂದು 74ನೇ ಕಲಮಿನಲ್ಲೇ ಇದೆ. ಅರ್ಜಿಯಲ್ಲಿ ‘ಶಿಕ್ಷೆಯಾಗಿದೆಯೇ, ಪ್ರಕರಣವಿದೆಯೇ’ ಎಂಬ ಕಾಲಂ ಬಂದರೆ ಸೈಬರ್ ಸೆಂಟರಿನವನ ಸಲಹೆಯ ಮೇಲೆ ತುಂಬಬೇಡಿ. ಪ್ರಶ್ನೆಯ ಪದಗಳನ್ನೇ ಬರೆದುಕೊಂಡು ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ತೋರಿಸಿ, ಅವರು ಹೇಳಿದಂತೆ ಬರೆಯಿರಿ.

ನಿಯಮದಂತೆ ದಾಖಲೆಗಳನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ 7 ವರ್ಷ ಇಟ್ಟು ಆಮೇಲೆ ನಾಶಪಡಿಸಬೇಕು. ಅವಧಿ ಮುಗಿದ ಮೇಲೆ ನಾಶಪಡಿಸಿದ್ದಾರೆಯೇ ಎಂದು ಮಂಡಳಿಗೆ ಲಿಖಿತ ಅರ್ಜಿ ಕೊಟ್ಟು ಕೇಳಬಹುದು. ಮನೆಯಲ್ಲಿರುವ ಅಂತಿಮ ಆದೇಶದ ಪ್ರತಿಯನ್ನು ಮಾತ್ರ ಹರಿಯಬೇಡಿ, ಮುಂದೆ ಯಾರಾದರೂ ತಪ್ಪಾಗಿ ಹಳೆಯದನ್ನು ಕೆದಕಿದರೆ ಅದೇ ಆಧಾರ. ಟ್ರಂಕಿನ ತಳದಲ್ಲಿ, ಹೊಲದ ಪಹಣಿಯ ಜೊತೆ ಇಡಿ. ಲ್ಯಾಮಿನೇಟ್ ಮಾಡಿಸಲು ಊರಿನ ಅಂಗಡಿಗೆ ಕೊಡಬೇಡಿ.